ಜೂಜಾಡದವನ ಸೋಲು

"ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಕೋರ್ಟುಕಚೇರಿಯ ವ್ಯಾಜ್ಯಗಳನ್ನು ಕುರಿತು ಹುಟ್ಟಿದ್ದು. ಜೂಜಿನ ಮನೆಗೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಆದರೆ ಜೂಜಿನ ಮನೆಗೆ ಹೋಗಿಯೂ ದಾಳಕ್ಕೆ ಕೈಹಾಕದೆ, ಎಲೆಯನ್ನು ಮುಟ್ಟದೆ, ಉಂಡು, ಮಲಗಿ, ಹಾಡು ಕೇಳಿ, ನಾಲ್ಕು ಸಾಮಾನು ಕೊಂಡು ಹಿಂತಿರುಗುವವನೊಬ್ಬನಿದ್ದಾನಲ್ಲ, ಅವನ ವಿಷಯದಲ್ಲಿ ಗಾದೆ ಏನನ್ನೂ ಹೇಳುವುದಿಲ್ಲ. ಗಾದೆ ಕಟ್ಟಿದವರು ಅಂಥ ಮನುಷ್ಯನನ್ನು ಕಂಡಿರಲಾರರು. ಇಂದು ಅವನು ಇದ್ದಾನೆ. ಅಷ್ಟೇ ಅಲ್ಲ, ಅವನು ಆಡದಿದ್ದರೂ ಜೂಜಿನ ಮನೆ ಅವನಿಗೆ ಮುತ್ತಿನ, ಚಿನ್ನದ, ವಜ್ರದ ಹೆಸರಿನ ಪದವಿಗಳನ್ನು ಕೊಟ್ಟು ಮನ್ನಿಸುತ್ತದೆ.

ಕುರುಗೋಡಿನ ಗೊಬ್ಬರದ ಅಂಗಡಿಯ ಯಜಮಾನರೊಬ್ಬರು ಗೋವೆಗೆ ಹೋಗಿಬಂದು, "ಒಂದು ಪೈಸೆಯನ್ನೂ ಆಡಲಿಲ್ಲ, ದೊಡ್ಡಬಸವಣ್ಣನ ಆಣೆ" ಎಂದರೆಂದು ಭಾವಿಸಿ. ಮನೆಯವರು ನಂಬುತ್ತಾರೆ, ನಂಬುವುದು ಸರಿಯೂ ಹೌದು. ಏಕಶಿಲೆಯ ಆ ಮಹಾನಂದಿಯ ಮೇಲೆ ಆಣೆಯಿಟ್ಟು ಸುಳ್ಳಾಡುವ ಧೈರ್ಯ ಆ ಊರಿನಲ್ಲಿ ಹೆಚ್ಚು ಮಂದಿಗೆ ಇರಲಾರದು. ಆದರೆ ಆಡಲಿಲ್ಲ ಎಂದ ಮಾತ್ರಕ್ಕೆ ಸೋಲಲಿಲ್ಲ ಎಂದಾಗುವುದೆ? ಈ ವಾರ ವಿಚಾರಿಸತಕ್ಕ ಪ್ರಶ್ನೆ ಇದು.

ಪ್ರಶ್ನೆ ಹೊಸದಾಗಿ ಕಂಡರೂ ಅದರ ಬೇರು ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಗೆದ್ದವನ ಗಳಿಕೆಯಲ್ಲಿ ನೂರಕ್ಕೆ 5ರಂತೆ ಅವನು ತೆಗೆದುಕೊಳ್ಳತಕ್ಕದ್ದು. ಕೌಟಿಲ್ಯ ಅಷ್ಟಕ್ಕೇ ತೃಪ್ತನಾಗಲಿಲ್ಲ. ಕವಡೆ ದಾಳಗಳಿಗೆ ಬಾಡಿಗೆ, ಕುಡಿಯುವ ನೀರಿಗೆ ಬೆಲೆ, ಕುಳಿತ ನೆಲಕ್ಕೆ ಬೆಲೆ, ಮಾಡಿಸಿಕೊಂಡ ಊಳಿಗಕ್ಕೆ ಬೆಲೆ ಇವೆಲ್ಲವನ್ನೂ ಬೇರೆಯಾಗಿ ವಸೂಲು ಮಾಡಬೇಕೆಂದು ಅವನು ಕಟ್ಟಳೆ ಬರೆದ. ಜೂಜಿನ ಮನೆಯ ಆದಾಯ ಜೂಜಿನಿಂದ ಮಾತ್ರ ಬರುವುದಿಲ್ಲ, ಬಾಯಾರಿದವನ ನೀರಿನಿಂದಲೂ ಬರುತ್ತದೆ ಎಂಬುದನ್ನು ಆ ಚತುರಮತಿ ಚೆನ್ನಾಗಿ ಅರಿತಿದ್ದ. ಆದರೆ ನೀರು ಕುಡಿದವನಿಗೆ ಬಿರುದು ಕೊಡಬೇಕೆಂಬ ಆಲೋಚನೆ ಮಾತ್ರ ಅವನಿಗೆ ಹೊಳೆಯಲಿಲ್ಲ. ಅದು ಹೊಳೆದದ್ದು ಅಮೆರಿಕದವರಿಗೆ.

ಅಲ್ಲಿ 1896ರಷ್ಟು ಹಿಂದೆಯೇ ಅಂಗಡಿಗಳು ಕೊಂಡ ಮಾಲಿಗೆ ತಕ್ಕಂತೆ ಹಸಿರು ಚೀಟಿಗಳನ್ನು ಕೊಡುವ ಪದ್ಧತಿ ಆರಂಭವಾಯಿತು. ಚೀಟಿಗಳನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದರೆ ಪಾತ್ರೆಯನ್ನೋ ದೀಪವನ್ನೋ ಪಡೆಯಬಹುದಾಗಿತ್ತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆ ಹಾರಿದ ಮೈಲಿಗಳನ್ನು ಎಣಿಸಿ ಪ್ರತಿಫಲ ಕೊಡತೊಡಗಿತು. 1997ರಲ್ಲಿ ಹ್ಯಾರಾಸ್ ಎಂಬ ಕ್ಯಾಸಿನೋ ಸಂಸ್ಥೆ ದೇಶದಲ್ಲೆಲ್ಲ ಹರಡಿದ್ದ ತನ್ನ ಮನೆಗಳಿಗೆ ಒಂದೇ ಕಾರ್ಡನ್ನು ಹೊರಡಿಸಿತು. ಮರುವರ್ಷ ಹಾರ್ವರ್ಡಿನ ಪ್ರಾಧ್ಯಾಪಕ ಗ್ಯಾರಿ ಲವ್‌ಮನ್ ಪಾಠ ಹೇಳುವುದನ್ನು ಬಿಟ್ಟು ಆ ಸಂಸ್ಥೆಯ ಆಡಳಿತಕ್ಕೆ ಬಂದ. ಕಾರ್ಡುಗಳಿಂದ ಕಲೆಹಾಕಿದ ಲೆಕ್ಕವನ್ನು ತಿರುವಿಹಾಕಿದಾಗ ಅವನಿಗೆ ಕಂಡ ಸಂಗತಿ ಸ್ವಾರಸ್ಯಕರವಾದದ್ದು. ಬಂದವರಲ್ಲಿ ನೂರಕ್ಕೆ 26 ಮಂದಿ ಆದಾಯದ 82 ಪಾಲನ್ನು ತರುತ್ತಿದ್ದರು. ಆ 26 ಮಂದಿ ರೇಷ್ಮೆಯ ಉಡುಪಿನ ಕೋಟ್ಯಧೀಶರಲ್ಲ. ನಡುವಯಸ್ಸು ದಾಟಿದ ಸಾಮಾನ್ಯರು, ಉಪಾಧ್ಯಾಯರಾಗಿದ್ದವರು, ಬ್ಯಾಂಕಿನಲ್ಲಿದ್ದವರು, ಯಂತ್ರಗಳ ಕೆಲಸಗಾರರು, ವೈದ್ಯರು. ದೊಡ್ಡ ಕುಳವನ್ನು ಹುಡುಕುವ ಬದಲು ಸಣ್ಣ ಕುಳಕ್ಕೆ ದೊಡ್ಡ ಗೌರವ ಕೊಡುವುದೇ ಲಾಭವೆಂಬುದನ್ನು ಅವನು ಲೋಕಕ್ಕೆ ತೋರಿಸಿಕೊಟ್ಟ. ಆ ಸಂಸ್ಥೆಯೇ ಮುಂದೆ ಸೀಸರ್ಸ್ ಎಂಬ ಹೆಸರನ್ನು ತಳೆಯಿತು.

ಇಲ್ಲಿಂದ ಮುಂದಿನ ಹೆಜ್ಜೆ ಆಡದವನ ಕಡೆಗೆ. ಲಾಸ್ ವೇಗಸ್ ನಗರದ ಪ್ರಧಾನ ಬೀದಿಯ ದೊಡ್ಡ ಕ್ಯಾಸಿನೋಗಳಲ್ಲಿ ಈ ಶತಮಾನದುದ್ದಕ್ಕೂ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಬಂದಿರುವುದು ಜೂಜಿನಿಂದಲ್ಲ, ಕೋಣೆಯ ಬಾಡಿಗೆ, ಊಟ, ಪಾನೀಯ, ನಾಟ್ಯ ಸಂಗೀತಗಳಿಂದ. ಹೀಗಿರುವಾಗ ಹೋಳಿಗೆ ತಿಂದವನನ್ನು ಬಿಟ್ಟು ದಾಳ ಹಾಕಿದವನನ್ನು ಮಾತ್ರ ಮನ್ನಿಸುವುದು ಯಾವ ನ್ಯಾಯ? ಆದ್ದರಿಂದ ಊಟದ ಬಿಲ್ಲಿಗೂ ಅಂಕ, ಕೋಣೆಯ ಬಾಡಿಗೆಗೂ ಅಂಕ, ಕೊಂಡ ಅಂಗಿಗೂ ಅಂಕ. 2022ರಲ್ಲಿ ಎಂಜಿಎಂ ಸಂಸ್ಥೆ ಹೊಸದಾಗಿ ಹೊರಡಿಸಿದ ನಿಯಮಾವಳಿಯಲ್ಲಿ ಇಂಥ ಖರ್ಚಿನ ಒಂದೊಂದು ಡಾಲರಿಗೆ 4 ಪದವಿಯ ಅಂಕಗಳು. 20,000 ಅಂಕಗಳಾದರೆ ಮುತ್ತಿನ ಪದವಿ, 75,000 ಆದರೆ ಚಿನ್ನದ ಪದವಿ. ಒಮ್ಮೆಯೂ ಪಣವೊಡ್ಡದೆ, 5,000 ಡಾಲರ್ ಉಂಡು ಮಲಗಿ ಮುತ್ತಿನವನಾಗಬಹುದು. 2017ರಲ್ಲಿ ವಿಂಡಮ್ ಎಂಬ ವಸತಿಗೃಹಗಳ ಸಂಸ್ಥೆ ಸೀಸರ್ಸಿನೊಡನೆ ಮಾಡಿಕೊಂಡ ಒಪ್ಪಂದ ಇನ್ನೂ ವಿಚಿತ್ರವಾದುದು. ಹೆದ್ದಾರಿ ಬದಿಯ ವಸತಿಗೃಹಗಳಲ್ಲಿ ವರ್ಷಕ್ಕೆ 40 ರಾತ್ರಿ ಮಲಗಿ ವಜ್ರದ ಪದವಿ ಗಳಿಸಿದವನು, ಜೂಜಿನ ಮನೆಯ ಹೊಸ್ತಿಲನ್ನೇ ತುಳಿಯದೆ ಅಲ್ಲಿಯೂ ವಜ್ರದವನಾದ.

ಪದವಿಯಿಂದ ದೊರೆಯುವುದೇನು? ಸಾಲಿನಲ್ಲಿ ಕಾಯದೆ ಒಳಹೋಗಬಹುದು. ಕೋಣೆಯ ಬಾಡಿಗೆಯ ಮೇಲೆ ಹೇರುವ ಹೆಚ್ಚಿನ ಶುಲ್ಕ ಮನ್ನಾ ಆಗಬಹುದು. ಒಳ್ಳೆಯ ಕೋಣೆ ಖಾಲಿಯಿದ್ದರೆ ಸಿಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲಲ್ಲಿ ನಿಂತವನು ಹೆಸರು ಹಿಡಿದು ಕರೆದು ನಗುತ್ತಾನೆ. ಮನುಷ್ಯ ಹಣವನ್ನು ಸುಲಭವಾಗಿ ಬಿಟ್ಟುಕೊಡುವುದು ಈ ನಗೆಗೇ.

ಈಗ ಲೆಕ್ಕಕ್ಕೆ ಬರೋಣ. ಸೀಸರ್ಸಿನ ನಿಯಮದಂತೆ ವಜ್ರದ ಪದವಿಗೆ ವರ್ಷದಲ್ಲಿ 15,000 ಅಂಕಗಳು ಬೇಕು. ನಾಣ್ಯ ನುಂಗುವ ಯಂತ್ರದಲ್ಲಿ 5 ಡಾಲರ್ ಆಡಿದರೆ 1 ಅಂಕ. ಊಟ ವಸತಿಗಳಿಗೆ 1 ಡಾಲರ್ ಕೊಟ್ಟರೆ 1 ಅಂಕ. ಯಂತ್ರದ ಮುಂದೆ ಕುಳಿತವನು 75,000 ಡಾಲರುಗಳನ್ನು ಹಾಕುತ್ತ ತೆಗೆಯುತ್ತ ಉರುಳಿಸಬೇಕು. ಯಂತ್ರ ನೂರಕ್ಕೆ 8ನ್ನು ತಾನು ಉಳಿಸಿಕೊಳ್ಳುತ್ತದೆಂದು ಹಿಡಿದರೆ, ಸರಾಸರಿಯಲ್ಲಿ ಅವನು ಕಳೆದುಕೊಳ್ಳುವುದು 6,000 ಡಾಲರ್. ಆಡದವನು 15,000 ಡಾಲರುಗಳನ್ನು ಎಣಿಸಿ ಕೊಡಬೇಕು. ಅದಕ್ಕೆ ಬದಲಾಗಿ ಊಟವೂ ಹಾಸಿಗೆಯೂ ಅವನಿಗೆ ಸಿಕ್ಕಿವೆ.

ಆ ಊಟ, ಆ ಹಾಸಿಗೆ ಅವನಿಗೆ ಹೇಗೂ ಬೇಕಾಗಿದ್ದುವಾದರೆ ಅವನು ಜಾಣ. ಪದವಿ ಅವನಿಗೆ ಪುಕ್ಕಟೆಯಾಗಿ ಬಂದಿದೆ. ಆದರೆ ಬೇಕಾಗಿದ್ದುದು 5,000ದಷ್ಟು, ಉಳಿದ 10,000ವನ್ನು ಅಂಕಗಳು ತುಂಬಲೆಂದೇ ಖರ್ಚು ಮಾಡಿದ ಎಂದಿಟ್ಟುಕೊಳ್ಳಿ. ಹಸಿವಿಲ್ಲದೆ ಉಂಡ ಊಟ, ನಿದ್ರೆಯಿಲ್ಲದೆ ಮಲಗಿದ ಹಾಸಿಗೆ, ತೊಡದ ಅಂಗಿ ಇವುಗಳಿಗೆ ಹೋದದ್ದು ಆ 10,000. ಆಡಿದವನು 6,000 ಸೋತ. ಆಡದವನು 10,000 ಸೋತ. ಆಡಿದವನಿಗೆ ಒಂದು ರಾತ್ರಿಯಾದರೂ ಗೆಲ್ಲುವ ಅವಕಾಶವಿತ್ತು; ಆಡದವನಿಗೆ ಅದೂ ಇರಲಿಲ್ಲ. ಜೂಜುಗಾರನಿಗೆ ತಾನು ಸೋತೆನೆಂಬುದು ಮರುದಿನ ಬೆಳಿಗ್ಗೆ ತಿಳಿಯುತ್ತದೆ. ಇವನಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಇವನ ಕೈಯಲ್ಲಿ ವಜ್ರದ ಕಾರ್ಡಿದೆ. ಇಷ್ಟಾಗಿ ಪದವಿ ಶಾಶ್ವತವೂ ಅಲ್ಲ. ವರ್ಷ ತಿರುಗಿದೊಡನೆ ಎಣಿಕೆ ಮತ್ತೆ ಸೊನ್ನೆಯಿಂದ. ವರ್ಷದ ಕೊನೆಯಲ್ಲಿ ಸ್ವಲ್ಪ ಅಂಕಗಳು ಕಡಮೆ ಬಿದ್ದುವೆಂದು ಗಂಟುಮೂಟೆ ಕಟ್ಟಿಕೊಂಡು ಹೊರಡುವವರೂ ಉಂಟು. ದಾಳವನ್ನು ಬಿಟ್ಟವರನ್ನು ದಾಳದ ಚಪಲ ಬಿಡಲಿಲ್ಲ ಎನ್ನಬೇಕು.

ಇದೆಲ್ಲ ಸಮುದ್ರದಾಚೆಯ ಮಾತಾಯಿತು ಎನ್ನುವಂತಿಲ್ಲ. ಬಳ್ಳಾರಿಯಲ್ಲಿ ರೈಲು ಹತ್ತಿದರೆ ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾಗಳ ಮೇಲೆ ನೇರವಾಗಿ ಗೋವೆಗೆ ಹೋಗಬಹುದು. ಗೋವೆಯವರು 1976ರ ತಮ್ಮ ಜೂಜು ಕಾನೂನಿಗೆ 1992ರಲ್ಲಿ ತಿದ್ದುಪಡಿ ಮಾಡಿ ದೊಡ್ಡ ಹೋಟೆಲುಗಳಲ್ಲಿ ಯಂತ್ರಗಳನ್ನಿಡಲು ಅವಕಾಶ ಕೊಟ್ಟರು. 1996ರಲ್ಲಿ ಮತ್ತೆ ತಿದ್ದಿ ನೀರಿನ ಮೇಲಿನ ಹಡಗುಗಳಲ್ಲಿ ಆಟದ ಮೇಜುಗಳಿಗೂ ಸಮ್ಮತಿಸಿದರು. ಈಗ ಪಣಜಿಯ ಎದುರು, ಮಾಂಡವಿ ನದಿಯಲ್ಲಿ ಹಡಗುಗಳು ದೀಪ ಹೊತ್ತು ನಿಂತಿವೆ. ಆ ನದಿ ಹುಟ್ಟುವುದು ನಮ್ಮ ಖಾನಾಪುರದ ಕಾಡಿನಲ್ಲಿ. ನದಿಯ ಹಿಂದೆಯೇ ನಮ್ಮ ಹಣವೂ ಹರಿದುಹೋಗುತ್ತದೆ. ಹಡಗಿನ ಮೇಜುಗಳ ಮೇಲೆ ನಡೆಯುವ ಆಟಗಳಲ್ಲಿ ಅಂದರ್-ಬಾಹರ್ ಒಂದು. ನಮ್ಮ ಹಳ್ಳಿಯ ಬಯಲಿನಲ್ಲಿ ಅದನ್ನೇ ಆಡಿದರೆ 1963ರ ಪೊಲೀಸ್ ಕಾಯಿದೆಯಂತೆ ಪೊಲೀಸರು ಬಂದು ಪಣದ ಹಣವನ್ನೂ ಎಲೆಗಳನ್ನೂ ವಶಪಡಿಸಿಕೊಂಡು ಕೇಸು ಹಾಕುತ್ತಾರೆ. ಅಲ್ಲಿ ಅದಕ್ಕೆ ಮಖಮಲ್ಲಿನ ಹಾಸು.

ಗೋವೆಯ ಹಡಗುಗಳಲ್ಲಿ ಊಟ, ಪಾನೀಯ, ಮನರಂಜನೆಗಳೆಲ್ಲ ಪ್ರವೇಶದ ಹಣದಲ್ಲಿಯೇ ಸೇರಿರುವುದು ವಾಡಿಕೆ. ಜೊತೆಗೆ ಒಂದಷ್ಟು ಬೆಲೆಯ ಬಿಲ್ಲೆಗಳನ್ನೂ ಕೈಗಿಡುತ್ತಾರೆ. ಆ ಬಿಲ್ಲೆಗಳನ್ನು ಹಿಂದಿರುಗಿಸಿ ಹಣ ಪಡೆಯುವಂತಿಲ್ಲ. ಆಡಲೇಬೇಕು, ಇಲ್ಲವೆ ಬಿಡಬೇಕು. ಆಡಬಾರದೆಂದು ನಿರ್ಧರಿಸಿ ಹೋದವನ ಕೈಯಲ್ಲೂ ಹೀಗೆ ಆಟದ ಬಿಲ್ಲೆ ಬಂದು ಕೂರುತ್ತದೆ. ಪುಕ್ಕಟೆ ಬಂದದ್ದನ್ನು ಬಿಡುವುದೇಕೆ ಎಂದು ಒಮ್ಮೆ ಮೇಜಿನ ಮೇಲಿಟ್ಟರೆ ಮುಂದಿನದನ್ನು ಹೇಳತಕ್ಕದ್ದಿಲ್ಲ.

ಸರಕಾರಗಳಿಗೆ ಇದರ ಬಿಸಿ ತಿಳಿಯದೆ ಇಲ್ಲ. 2020ರ ಫೆಬ್ರವರಿ 1ರಿಂದ ಗೋವೆಯವರು ಗೋವೆಯ ಕ್ಯಾಸಿನೋಗಳಲ್ಲಿ ಆಡಕೂಡದೆಂದು ಅಲ್ಲಿನ ಸರಕಾರ ನಿಷೇಧಿಸಿತು. ತಮ್ಮ ಮನೆಯ ಮಕ್ಕಳಿಗೆ ಬೇಡವಾದುದನ್ನು ನೆರೆಮನೆಯ ಮಕ್ಕಳಿಗೆ ಬಡಿಸುವುದೆಂದರೆ ಇದೇ. ಕನ್ನಡ ಕುಟುಂಬಗಳೂ ನೆಲೆಸಿರುವ ಸಿಂಗಪುರದಲ್ಲಿ 2010ರಲ್ಲಿ ಕ್ಯಾಸಿನೋಗಳು ತೆರೆದಾಗ, ಅಲ್ಲಿನ ಪ್ರಜೆ ಒಳಗೆ ಕಾಲಿಡಲು ದಿನಕ್ಕೆ 100 ಡಾಲರ್ ಸುಂಕ ತೆರಬೇಕೆಂದು ವಿಧಿಸಿದರು. 2019ರಲ್ಲಿ ಅದನ್ನು 150ಕ್ಕೆ ಏರಿಸಿದರು. ಆ ಸುಂಕವನ್ನು ಕ್ಯಾಸಿನೋದವರು ತಾವೇ ಭರಿಸಿ ಗಿರಾಕಿಯನ್ನು ಒಲಿಸಿಕೊಳ್ಳಕೂಡದೆಂದೂ ಕಾನೂನಿದೆ. ಸೌಜನ್ಯದ ವೇಷದಲ್ಲಿ ಬರುವ ಗಾಳವನ್ನು ಕಾನೂನು ಬರೆದವರು ಗುರುತಿಸಿದ್ದರು. ನಮ್ಮ ಕೇಂದ್ರ ಸರಕಾರ 2023ರ ಅಕ್ಟೋಬರ್ 1ರಿಂದ ಕೊಂಡ ಬಿಲ್ಲೆಗಳ ಪೂರ್ಣ ಬೆಲೆಯ ಮೇಲೆ ನೂರಕ್ಕೆ 28ರಂತೆ ತೆರಿಗೆ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಅದನ್ನು 40ಕ್ಕೆ ಏರಿಸಿತು.

ಇಷ್ಟನ್ನೆಲ್ಲ ತಿಳಿದ ಮೇಲೆ ಕುರುಗೋಡಿನ ಯಜಮಾನರ ಕಡೆಗೆ ತಿರುಗಬಹುದು. ಅವರು ಗೋವೆಗೆ ಹೋದದ್ದು ಸ್ವಂತ ಹಣದಿಂದಲ್ಲ. ಬೀಜ, ಗೊಬ್ಬರ, ಕೀಟನಾಶಕಗಳ ವ್ಯಾಪಾರದಲ್ಲಿ 'ಸ್ಕೀಮು' ಎಂಬ ಮಾತು ಎಲ್ಲರಿಗೂ ಗೊತ್ತು. ಇಷ್ಟು ಡಬ್ಬಿ ಮಾರಿದರೆ ಬೆಳ್ಳಿ, ಅಷ್ಟು ಮಾರಿದರೆ ಬಂಗಾರ, ಇನ್ನೂ ಹೆಚ್ಚಾದರೆ ಗೋವೆಯ ಪ್ರವಾಸ, ಅದಕ್ಕೂ ಮಿಗಿಲಾದರೆ ಬ್ಯಾಂಕಾಕು. ಕ್ಯಾಸಿನೋದ ಅಂಕಗಳೂ ಸ್ಕೀಮಿನ ಅಂಕಗಳೂ ಒಂದೇ ತಾಯಿಯ ಮಕ್ಕಳು. ಯಜಮಾನರು ಆಡದೆಯೆ ಹಡಗನ್ನು ಹತ್ತಿದರು. ಹತ್ತಲು ಬೇಕಾದ ಅಂಕಗಳನ್ನು ಊರಿನಲ್ಲಿಯೇ ಗಳಿಸಿಕೊಂಡಿದ್ದರು.

ಗಳಿಸಿದ್ದು ಯಾರ ಖರ್ಚಿನಿಂದ? ಕುರುಗೋಡು, ಸಿರುಗುಪ್ಪ ಸೀಮೆಯ ಕಪ್ಪು ನೆಲದಲ್ಲಿ ಮೆಣಸಿನಕಾಯಿ ಬೆಳೆಯುವ ರೈತ ತನ್ನ ಬಾಯಲ್ಲಿ 'ಎಣ್ಣೆ' ಎಂದು ಕರೆಯುವ ಕೀಟನಾಶಕವನ್ನು ಅಂಗಡಿಯಲ್ಲಿ ಉದ್ರಿ ಬರೆಸಿ ತರುತ್ತಾನೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ನುಸಿ ಆಂಧ್ರ, ತೆಲಂಗಾಣಗಳ ಜೊತೆಗೆ ಈ ಸೀಮೆಯ ಮೆಣಸಿನ ಹೊಲಗಳನ್ನೂ ಮುತ್ತಿ ಹೂವು ಉದುರಿಸಿದಾಗ ರೈತರು ಕಂಡ ಕಂಡ ಎಣ್ಣೆಯನ್ನೆಲ್ಲ ಹೊಡೆದರು, ನುಸಿ ಜಗ್ಗಲಿಲ್ಲ. ಅಂಥ ಹೊತ್ತಿನಲ್ಲಿ ರೈತನಿಗೆ ವೈದ್ಯನೂ ಮಂತ್ರಿಯೂ ಅಂಗಡಿಯ ಯಜಮಾನನೇ. "ಸಾವ್ಕಾರ್ರೆ, ಇದೊಂದು ಸಾಕಲ್ಲ?" ಎಂದು ಅವನು ಕೇಳುತ್ತಾನೆ. "ಇದೊಂದೇ ಸಾಲದಪ್ಪಾ, ಇದರ ಜೊತೆ ಅದನ್ನೂ ಕೂಡಿಸಿ ಹೊಡಿ" ಎಂಬ ಉತ್ತರ ಬರುತ್ತದೆ. ಆ ಎರಡನೆಯ ಡಬ್ಬಿ ಬೆಳೆಗೆ ಬೇಕಾಗಿತ್ತೆ, ಸ್ಕೀಮಿಗೆ ಬೇಕಾಗಿತ್ತೆ ಎಂಬುದನ್ನು ಯಜಮಾನರ ಅಂತಃಕರಣವಲ್ಲದೆ ಬೇರಾರೂ ಹೇಳಲಾರರು. ಬೇಕಾಗಿದ್ದರೆ ಗೋವೆಯ ಪ್ರವಾಸ ನ್ಯಾಯವಾದ ಪ್ರತಿಫಲ. ಅದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ. ಬೇಡವಾಗಿದ್ದರೆ, ಹಡಗಿನ ಮೇಲೆ ಯಜಮಾನರು ಉಂಡದ್ದು ಒಬ್ಬ ರೈತನ ಉದ್ರಿಯ ಸಾಲವನ್ನು. ಪಣವೊಡ್ಡಿದವನು ಹೊಲದಲ್ಲಿದ್ದ, ಬಿಲ್ಲೆ ಹಿಡಿದವರು ಹಡಗಿನಲ್ಲಿದ್ದರು. ಬ್ಯಾಡಗಿಯ ಪೇಟೆಯಲ್ಲಿ ಕಾಯಿಗೆ ಯಾವ ಧಾರಣೆ ಸಿಕ್ಕೀತೆಂದು ತಿಳಿಯದೆ ಇಡೀ ವರ್ಷದ ದುಡಿಮೆಯನ್ನು ಒಡ್ಡುವವನಿಗಿಂತ ದೊಡ್ಡ ಜೂಜುಗಾರ ಯಾವ ಕ್ಯಾಸಿನೋದಲ್ಲಿದ್ದಾನೆ? ಅವನಿಗೆ ಯಾರೂ ವಜ್ರದ ಕಾರ್ಡು ಕೊಡಲಿಲ್ಲ.

ಖರ್ಚಿನಿಂದ ಅಳೆದ ಮರ್ಯಾದೆ ಎಷ್ಟು ದಿನದ್ದೆಂಬುದನ್ನು ಬಳ್ಳಾರಿ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೀನದೇಶ ಕಬ್ಬಿಣದ ಅದಿರನ್ನು ಕೇಳಿದಷ್ಟು ಬೆಲೆಗೆ ಕೊಳ್ಳುತ್ತಿದ್ದ ವರ್ಷಗಳಲ್ಲಿ ಇಲ್ಲಿ ಹಣ ಕೆಂಪು ಧೂಳಿನಂತೆ ಹಾರಿತು. ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತುವು, ಸಾಲದ ಕಂತುಗಳು ನಿಲ್ಲಲಿಲ್ಲ. ಖರ್ಚು ನಿಂತ ದಿನವೇ ಬಾಗಿಲಿನವನ ನಗೆಯೂ ನಿಂತಿತು.

ಆದರೆ ಇದೇ ಸೀಮೆಯಲ್ಲಿ ಬೇರೊಂದು ಬಗೆಯ ಊಟವೂ ಇದೆ. ಜಾತ್ರೆಯ ದಿನಗಳಲ್ಲಿ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಈ ವರ್ಷ ಎಷ್ಟು ಖರ್ಚು ಮಾಡಿದೆ ಎಂದು ಯಾರೂ ಕೇಳುವುದಿಲ್ಲ. ಬಂಡಿ ಕಟ್ಟಿಕೊಂಡು ಬಂದವನಿಗೂ ನಡೆದು ಬಂದವನಿಗೂ ಒಂದೇ ಗೋದಿಹುಗ್ಗಿ. ಅಂಕವಿಲ್ಲ, ಎಣಿಕೆಯಿಲ್ಲ, ವರ್ಷದ ಕೊನೆಗೆ ಸೊನ್ನೆಯಾಗುವ ಭಯವಿಲ್ಲ. ಕ್ಯಾಸಿನೋದ ಊಟವೂ ಪುಕ್ಕಟೆಯೆಂದೇ ಹೇಳುತ್ತಾರೆ. ಎರಡಕ್ಕೂ ಇರುವ ಅಂತರವನ್ನು ಉಂಡವನ ನಾಲಿಗೆ ಅರಿಯದಿದ್ದರೂ ಅವನ ಲೆಕ್ಕದ ಪುಸ್ತಕ ಅರಿಯುತ್ತದೆ.

ಹಾಗೆಂದು ಕಾರ್ಡನ್ನೇ ಮುಟ್ಟಬಾರದೆಂದು ಪಾಪಭೀತಿ ಹುಟ್ಟಿಸಬೇಕಾಗಿಲ್ಲ. ಕೆಲಸದ ಮೇಲೆ ಊರೂರು ತಿರುಗುವವನು ಹೇಗೂ ಮಲಗುವ ಹಾಸಿಗೆಗೆ ಅಂಕ ಬಂದರೆ ಧಾರಾಳವಾಗಿ ತೆಗೆದುಕೊಳ್ಳಲಿ. ಲಾಸ್ ವೇಗಸ್ಸಿಗೆ ಸಂಸಾರಸಮೇತ ಹೋಗುವ ಕನ್ನಡಿಗ ಶುಲ್ಕ ಮನ್ನಾ ಮಾಡಿಸಿಕೊಂಡರೆ ತಪ್ಪೇನು? ವ್ಯಾಪಾರಸ್ಥರ ಹಳೆಯ ಕ್ರಮವೊಂದನ್ನು ಪಾಲಿಸಿದರೆ ಸಾಕು. ಕಿರ್ದಿಯಲ್ಲಿ ಜಮಾ ಎಂದೂ ಖರ್ಚು ಎಂದೂ ಎರಡು ಬದಿಗಳಿವೆ. ಪದವಿ, ಪದಕ, ಪ್ರವಾಸ, ಪುಕ್ಕಟೆ ಊಟ ಇವು ಬಂದಾಗ ಎಲ್ಲರೂ ಅವನ್ನು ಮನಸ್ಸಿನಲ್ಲಿ ಜಮಾ ಬದಿಗೆ ಬರೆದುಕೊಳ್ಳುತ್ತಾರೆ. ಅವನ್ನು ಖರ್ಚಿನ ಬದಿಗೆ ಬರೆಯಬೇಕು. ಪಕ್ಕದಲ್ಲಿ ಅದಕ್ಕಾಗಿ ಹೋದ ಮೊತ್ತವನ್ನೂ, ಆ ಮೊತ್ತ ಯಾರ ಕೈಯಿಂದ ಹೋಯಿತೆಂಬುದನ್ನೂ ಬರೆಯಬೇಕು. ದೀಪಾವಳಿಯ ಪಾಡ್ಯದಂದು ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಮೊದಲು ಹಳೆಯ ಪುಸ್ತಕದ ಆ ಪುಟವನ್ನು ಒಮ್ಮೆ ತೆರೆದು ನೋಡಿದರೆ, ಗೆದ್ದವರಾರು, ಸೋತವರಾರು ಎಂಬುದು ಯಾರ ಆಣೆಯೂ ಇಲ್ಲದೆ ತಿಳಿದೀತು.